ಖಾಲಿ ಉಳಿದ ‘1956’ ಫೋಲ್ಡರು

ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪುಟಗಳನ್ನು ವರ್ಷ, ತಿಂಗಳಿನ ಪ್ರಕಾರ ಜೋಡಿಸಿಡುವ ಪೈಥಾನ್ ಪ್ರೋಗ್ರಾಂ ಒಂದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದದ್ದು. ಲಿನಕ್ಸ್ ಸರ್ವರಿಗೆ ಹಾಕಿದ ದಿನವೂ ತಕರಾರಿಲ್ಲದೆ ಓಡಿತು. ಆದರೆ ತೆರೆದು ನೋಡಿದರೆ, ನಾವು ಮೊದಲೇ ಮಾಡಿಟ್ಟಿದ್ದ ‘1956’ ಫೋಲ್ಡರು ಖಾಲಿ. ಪುಟಗಳೆಲ್ಲ ಅದರ ಹೊರಗೆ ರಾಶಿ ಬಿದ್ದಿದ್ದವು, ಒಂದೊಂದರ ಹೆಸರೂ ‘1956\11\ಪುಟ-4’ ಎಂಬಂತೆ.

ಹಳೆಯ ಕೋಡ್ ವರ್ಷ, ತಿಂಗಳು, ಹೆಸರುಗಳ ನಡುವೆ ಬ್ಯಾಕ್‌ಸ್ಲ್ಯಾಶ್ ಅಂಟಿಸಿ ಪಾತ್ ಕಟ್ಟುತ್ತಿತ್ತು. ವಿಂಡೋಸ್‌ಗೆ ಅದು ಫೋಲ್ಡರಿನ ಗಡಿ. ಲಿನಕ್ಸ್‌ಗೆ ಹೆಸರಿನೊಳಗಿನ ಇನ್ನೊಂದು ಅಕ್ಷರ. ವಿಂಡೋಸ್‌ಗೂ ಹಿಂದಿನ, 1981ರ ಮೊದಲ ಎಂಎಸ್-ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ, ಸ್ಲ್ಯಾಶ್ ಗುರುತು ಕಮಾಂಡುಗಳ ಆಯ್ಕೆಗೆ ಬಳಕೆಯಾಗಿತ್ತು. ಹಾಗಾಗಿ 1983ರಲ್ಲಿ ಫೋಲ್ಡರು ಬಂದಾಗ ಬ್ಯಾಕ್‌ಸ್ಲ್ಯಾಶ್ ಹಿಡಿಯಬೇಕಾಯಿತು.

ಗುರುತನ್ನು ಬದಲಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪಾತ್ ಎಂದರೆ ವಿಳಾಸ, ಅದಕ್ಕೆ ಊರು, ಬೀದಿ, ಮನೆ ಎಂಬ ಭಾಗಗಳಿವೆ. 2014ರಲ್ಲಿ ಪೈಥಾನ್ 3.4ರ ಜೊತೆ ಬಂದ ‘ಪಾತ್‌ಲಿಬ್’ ಎಂಬ ಲೈಬ್ರರಿ ಅದನ್ನು ಹಾಗೆಯೇ ಕಾಣುತ್ತದೆ. ಈಗ ನನ್ನ ಸಾಲು ‘ಸಂಗ್ರಹ / ವರ್ಷ / ತಿಂಗಳು / ಹೆಸರು’ ಎಂದಷ್ಟೇ ಇದೆ. ಯಾವ ಯಂತ್ರದಲ್ಲಿ ಯಾವ ಗೆರೆ ಎಂಬುದು ಪಾತ್‌ಲಿಬ್‌ನ ಜವಾಬ್ದಾರಿ. ಹೆಸರಿನ ಬಾಲ, ಅಂದರೆ ಫೈಲಿನ ಬಗೆ ಹೇಳುವ ಭಾಗ, ತೆಗೆಯಲು ಹಿಂದೆ ಕೊನೆಯ ನಾಲ್ಕು ಅಕ್ಷರ ಕತ್ತರಿಸುತ್ತಿದ್ದರು. ಚುಕ್ಕೆ ಸೇರಿ ಐದು ಅಕ್ಷರದ ‘.ಜೆಪಿಇಜಿ’ ಬಂದಾಗ ಚುಕ್ಕೆ ಹಾಗೇ ಉಳಿಯುತ್ತಿತ್ತು. ಈಗ ಅದನ್ನೂ ಪಾತ್‌ಲಿಬ್ ಬಿಡಿಸಿಕೊಡುತ್ತದೆ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಬೇರೆ. ಓದುಗರು ಕೇಳಿದ ಪುಟದ ಹೆಸರನ್ನು ಕೋಡ್ ಹಾಗೆಯೇ ನಂಬುತ್ತಿತ್ತು. ಎರಡು ಚುಕ್ಕೆ ಎಂದರೆ ‘ಒಂದು ಮೆಟ್ಟಿಲು ಹಿಂದಕ್ಕೆ’. ಹೆಸರಿನಲ್ಲಿ ಅದನ್ನೇ ಪೋಣಿಸಿದರೆ ಸಂಗ್ರಹ ದಾಟಿ ಸರ್ವರಿನ ಬೇರೆ ಫೈಲುಗಳಿಗೂ ಹೋಗಬಹುದು. ಸ್ಲ್ಯಾಶ್‌ನಿಂದ ಶುರುವಾಗುವ ಹೆಸರು ಕೊಟ್ಟರಂತೂ ಪಾತ್‌ಲಿಬ್ ಕೂಡ ‘ಸಂಗ್ರಹ’ವನ್ನು ಕೈಬಿಟ್ಟು ಅದನ್ನೇ ಹಿಡಿಯುತ್ತದೆ. ‘ಸಂಗ್ರಹ’ ಎಂಬ ಪದದಿಂದ ಆರಂಭವಾಗುತ್ತದೆಯೇ ಎಂದು ನೋಡಿದರೂ ಸಾಲದು, ಪಕ್ಕದ ‘ಸಂಗ್ರಹ-ಖಾಸಗಿ’ ಕೂಡ ಪಾಸಾಗುತ್ತದೆ. ಮೊದಲು ‘ರಿಸಾಲ್ವ್’ ಮಾಡಿ ಚುಕ್ಕೆಗಳನ್ನೂ ಶಾರ್ಟ್‌ಕಟ್ ಕೊಂಡಿಗಳನ್ನೂ ಬಿಡಿಸಬೇಕು, ಆಮೇಲೆ ಅದು ಸಂಗ್ರಹದೊಳಗೇ ಇದೆಯೇ ಎಂದು ‘ಈಸ್ ರಿಲೇಟಿವ್ ಟು’ ಮೂಲಕ ಕೇಳಬೇಕು. ಈ ಕ್ರಮ ತಿರುಗುಮುರುಗಾದರೆ ಕಾವಲಿದ್ದೂ ಇಲ್ಲದಂತೆ.

ಇಷ್ಟಾದ ಮೇಲೆ, ಸ್ಕ್ಯಾನ್ ಮಾಡುವ ಹುಡುಗಿ ಕರೆದು ತೋರಿಸಿದಳು: “ಮೇಡಂ, ಕೋಲಾರ ಎರಡು ಸಲ ಬಂದಿದೆ.” ಊರಿನ ಹೆಸರಿನಲ್ಲಿದ್ದ, ಅಕ್ಷರ ಅಕ್ಷರವೂ ಒಂದೇ ಥರ ಕಾಣುವ ಎರಡು ಫೋಲ್ಡರು. ಯೂನಿಕೋಡ್‌ನಲ್ಲಿ ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು, ಲಿನಕ್ಸ್‌ಗೆ ಅವು ಬೇರೆ ಬೇರೆ ಹೆಸರು. ಹೆಸರು ಬರೆಯುವ ಮುನ್ನ ಎಲ್ಲವನ್ನೂ ಇಂಥ ತುಂಡುಗಳನ್ನು ಒಂದಾಗಿಸುವ ‘ಎನ್‌ಎಫ್‌ಸಿ’ ರೂಪಕ್ಕೆ ತರುವ ಒಂದು ಸಾಲು ಸೇರಿಸಿ, ಎರಡೂ ಕೋಲಾರದ ಪುಟಗಳನ್ನು ಒಂದರೊಳಗೆ ಹಾಕಿದೆವು.