ನಡುಗೋಡೆಯ ಖರ್ಚು ಯಾರದು?

ದಾವಣಗೆರೆಯ ಕೆ.ಬಿ. ಬಡಾವಣೆಯಂಥ ಹಳೆಯ ಬಡಾವಣೆಯಲ್ಲಿ ಒಂದು ಮನೆ ಕೆಡವಿದರೆ ಎರಡು ಮನೆಯವರಿಗೆ ಕೆಲಸ ಬೀಳುತ್ತದೆ. ಹಳೇ ಮನೆ ಹೋಗಿ ಮೂರು ಅಂತಸ್ತು ಏಳುವಾಗ ನಡುವಿನ ಕಾಂಪೌಂಡೂ ಉರುಳುತ್ತದೆ. ಆಮೇಲೆ ಗೇಟಿನ ಹತ್ತಿರ ಮಾತು ಶುರು. "ಹೊಸ ಗೋಡೆ ಕಟ್ಟಿಸ್ತಿದೀವ್ರಿ, ಅರ್ಧ ಖರ್ಚು ನೀವು ಹಾಕ್ಕೊಂಡ್ರೆ ಚಲೋ ಆಗ್ತಿತ್ತು." "ಇದ್ದ ಗೋಡೆ ಗಟ್ಟಿಯಾಗೇ ಇತ್ತಲ್ರೀ, ಕೆಡವಿದ್ದು ನೀವು." ಇಬ್ಬರ ಮಾತಿನಲ್ಲೂ ನ್ಯಾಯವಿದೆ. ತೊಡಕಾಗುವುದು ಗಡಿಗೆರೆ ಎಲ್ಲಿದೆ ಎಂದು ನೋಡುವ ಮೊದಲೇ ದುಡ್ಡಿನ ಮಾತು ಎತ್ತುವುದರಿಂದ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1991ರ ಕಾಯ್ದೆಯೊಂದಿದೆ. ಸಾಧಾರಣ ಮಟ್ಟದ ಗಡಿಬೇಲಿಯ ಖರ್ಚನ್ನು ಅಕ್ಕಪಕ್ಕದವರು ಸಮನಾಗಿ ಹೊರಬೇಕು ಎಂದು ಅದು ಹೇಳುತ್ತದೆ. ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಪ್ರಕಾರ ಗಡಿಗೆರೆಯ ಮೇಲೆ ಗೋಡೆ ಎಬ್ಬಿಸುವವರು ನೆರೆಯವರಿಗೆ ಮೊದಲೇ ನೋಟಿಸು ಕೊಡಬೇಕು. ನಮ್ಮ ಊರಿನ ಸೈಟುಗಳಿಗೆ ಅಂಥ ಕಾಯ್ದೆ ಇಲ್ಲ. ನೀವು ಕಟ್ಟಿಸಿದ ಗೋಡೆಯ ಅರ್ಧ ಬಿಲ್ಲನ್ನು ಪಕ್ಕದವರ ಕೈಗಿಟ್ಟು ಹಕ್ಕಿನಿಂದ ಕೇಳಲು ಬರುವುದಿಲ್ಲ. 1872ರ ಕರಾರು ಕಾಯ್ದೆಯ 70ನೇ ಕಲಮು, ಪುಕ್ಕಟೆ ಎಂದುಕೊಳ್ಳದೆ ಮಾಡಿದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕು ಎನ್ನುತ್ತದೆ, ನಿಜ. ಆದರೆ ಆ ಲಾಭವನ್ನು ಬೇಡ ಎನ್ನುವ ಅವಕಾಶವೂ ಅವನಿಗೆ ಇದ್ದಿರಬೇಕು ಎಂದು ಸುಪ್ರೀಂ ಕೋರ್ಟ್ ಬಿ.ಕೆ. ಮಂಡಲ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಜಾಗದಲ್ಲಿ ಎದ್ದು ನಿಂತ ಗೋಡೆಯನ್ನು ಪಕ್ಕದವರು ಬೇಡ ಎನ್ನುವುದಾದರೂ ಹೇಗೆ? ಹಾಗಾಗಿ ಕಟ್ಟುವ ಮೊದಲು ಆದ ಒಪ್ಪಂದವೇ ಇಲ್ಲಿ ಆಧಾರ.

ಒಪ್ಪಿಕೊಂಡರೆ ಉಳಿತಾಯ ಎಷ್ಟು ಎಂಬುದನ್ನು 30x40 ಸೈಟಿನಲ್ಲೇ ಲೆಕ್ಕ ಹಾಕಬಹುದು. ಸುತ್ತಳತೆ 140 ಅಡಿ. ಎಲ್ಲವನ್ನೂ ಒಬ್ಬರೇ ಕಟ್ಟಿದರೆ 140 ಅಡಿಯ ಖರ್ಚು. ಎರಡು ಪಕ್ಕ ಮತ್ತು ಹಿಂಭಾಗದವರು ಸೇರಿದರೆ ಮುಂದಿನ 30 ಅಡಿ ಪೂರ್ತಿ ನಿಮ್ಮದು, ಹಿಂದೆ 15, ಪಕ್ಕಗಳಲ್ಲಿ 20 ಮತ್ತು 20. ಒಟ್ಟು 85 ಅಡಿ. ನೆಲವೂ ಉಳಿಯುತ್ತದೆ. ಆರಿಂಚಿನ ಗೋಡೆ ಪೂರ್ತಿ ನಿಮ್ಮೊಳಗಿದ್ದರೆ ಆರಿಂಚು ಹೋಯಿತು, ಗೆರೆಯ ಮೇಲಿದ್ದರೆ ಮೂರೇ ಇಂಚು. ಇಷ್ಟಾದರೂ ವಾಸ್ತುವಿನ ಕಾರಣಕ್ಕೆ ತಮ್ಮ ಕಾಂಪೌಂಡು ತಮ್ಮದೇ ಆಗಿರಬೇಕು ಎನ್ನುವವರಿದ್ದಾರೆ. ಅವರನ್ನು ಒಪ್ಪಿಸಲು ಹೋಗುವುದು ವ್ಯರ್ಥ, ಅವರಿಗೆ ಆ ಹಕ್ಕೂ ಇದೆ.

ಇನ್ನು ಗೆರೆ. ಇಬ್ಬರ ಕ್ರಯಪತ್ರಗಳಲ್ಲಿರುವ ಚೆಕ್ಕುಬಂದಿ ಮತ್ತು ಅಳತೆ, ಖಾತೆ, ಬಡಾವಣೆಯ ಮಂಜೂರಾದ ನಕ್ಷೆ ಇವನ್ನು ಒಂದೇ ಮೇಜಿನ ಮೇಲೆ ಹರಡಿ. ಖಾತೆಗೆ ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ, ಹರಿಹರದಲ್ಲಿ ನಗರಸಭೆ. ಹೊಸ ಬಡಾವಣೆಗಳ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ (ದೂಡಾ). ಊರಾಚೆಯ ಹೊಲಕ್ಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕುತ್ತೀರಿ, ಸರ್ವೆಯವರು ಬಂದು ಗಡಿ ತೋರಿಸುತ್ತಾರೆ. ಸೈಟಿಗೆ ಮೂಲೆಕಲ್ಲು ಉಳಿದಿದ್ದರೆ ಅದೃಷ್ಟ. ಇಲ್ಲದಿದ್ದರೆ ನಿಮ್ಮ ಸೈಟೊಂದನ್ನೇ ಅಳೆಯಬೇಡಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಅಳೆಯಿಸಿ. ಮೊದಲ ಮನೆಯವರು ನಾಲ್ಕಿಂಚು ಸರಿದಿದ್ದರೆ ಆ ನಾಲ್ಕಿಂಚು ಮನೆಯಿಂದ ಮನೆಗೆ ದಾಟುತ್ತಾ ಬಂದಿರುತ್ತದೆ. ಹಳೆಯ ಗೋಡೆ ಇದ್ದಲ್ಲೇ ಗಡಿ ಇರಬೇಕೆಂದೇನೂ ಇಲ್ಲ.

ನೆಲದ ಮೇಲಿನದಕ್ಕಿಂತ ಹೆಚ್ಚು ಜಗಳ ನೆಲದೊಳಗೆ ಅಡಗಿರುತ್ತದೆ. ಆರಿಂಚಿನ ಗೋಡೆಗೆ ಹದಿನೆಂಟಿಂಚು ಅಗಲದ ಪಾಯ ಹಾಕಿದಿರಿ ಎನ್ನಿ. ಗೋಡೆ ಗೆರೆಯ ನಡುವೆ ನಿಂತರೆ ಪಾಯ ಎರಡೂ ಕಡೆ ಒಂಬತ್ತೊಂಬತ್ತು ಇಂಚು ಹೋಗುತ್ತದೆ, ಸಮ. ಗೋಡೆಯನ್ನು ನಿಮ್ಮ ಜಾಗದೊಳಗೇ ಗೆರೆಗೆ ಅಂಟಿಸಿ ಕಟ್ಟಿದರೆ? ಗೋಡೆ ನಿಮ್ಮದೇ, ಪಾಯ ಮಾತ್ರ ಆರಿಂಚು ಪಕ್ಕದವರ ನೆಲದಲ್ಲಿ. ಮುಂದೆ ಅವರು ನೀರಿನ ಸಂಪು ಕಟ್ಟಲು ಗುಂಡಿ ತೆಗೆದಾಗ ಅದು ಬಯಲಾಗುತ್ತದೆ. ನಮ್ಮ ಸುತ್ತ ಎರೆಮಣ್ಣಿನ ನೆಲ ಬೇಕಾದಷ್ಟಿದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಮೇಲುಮೇಲೆ ಪಾಯ ಹಾಕಿದ ಗೋಡೆ ಕೆಲವೇ ವರ್ಷಕ್ಕೆ ಓಲುತ್ತದೆ. ಪಾಯದ ಆಳದಲ್ಲಿ ಜಿಪುಣತನ ಮಾಡಿ ಗ್ರಾನೈಟ್ ಹೊದಿಕೆಗೆ ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅರ್ಧರ್ಧ ಎಂದರೆ ಯಾವುದರ ಅರ್ಧ? 40 ಅಡಿ ಉದ್ದ, 5 ಅಡಿ ಎತ್ತರದ ಗೋಡೆ 200 ಚದರಡಿ. 16x8 ಇಂಚಿನ ಸಿಮೆಂಟ್ ಬ್ಲಾಕು ಸುಮಾರು 225 ಬೇಕು. ಪಾಯ, ಬ್ಲಾಕು, ಮೇಸ್ತ್ರಿ ಕೂಲಿ ಇವು ಹಂಚಿಕೆಗೆ ಬರಲಿ. ಪ್ಲಾಸ್ಟರು, ಬಣ್ಣ ಅವರವರ ಮುಖಕ್ಕೆ ಅವರವರು. ಒಬ್ಬರಿಗೆ ಏಳಡಿ ಬೇಕು, ಇನ್ನೊಬ್ಬರಿಗೆ ಐದು ಸಾಕು ಎಂದರೆ ಐದರವರೆಗೆ ಪಾಲು, ಮೇಲಿನ ಎರಡಡಿ ಬೇಕಾದವರದು. ರಾಷ್ಟ್ರೀಯ ಕಟ್ಟಡ ಸಂಹಿತೆ ಕಾಂಪೌಂಡಿಗೆ ಹೇಳುವ ಎತ್ತರ ಸಾಮಾನ್ಯವಾಗಿ 1.5 ಮೀಟರ್, ಮೇಲಿನ 0.9 ಮೀಟರ್ ಜಾಲಿಯಂತೆ ತೆರೆದಿದ್ದರೆ 2.4 ಮೀಟರ್‌ವರೆಗೆ ಬಿಡಬಹುದು ಎನ್ನುತ್ತದೆ. ಪಾಲಿಕೆಯ ನಿಯಮವನ್ನೂ ಕೇಳಿಕೊಳ್ಳಿ. ಒಬ್ಬರು ಮಣ್ಣು ತುಂಬಿಸಿ ಸೈಟನ್ನು ಎರಡಡಿ ಎತ್ತರಿಸಿದ್ದರೆ ಲೆಕ್ಕವೇ ಬೇರೆ. ಆಗ ಅದು ಬರೀ ಗಡಿಗೋಡೆಯಲ್ಲ, ಮಣ್ಣು ತಡೆಯುವ ಗೋಡೆ. ದಪ್ಪ ಹೆಚ್ಚಬೇಕು, ನೀರು ಬಸಿಯುವ ತೂತು ಬೇಕು. ಆ ಹೆಚ್ಚುವರಿ ಖರ್ಚು ತುಂಬಿಸಿದವರದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬಸಿದ ನೀರನ್ನು ಪಕ್ಕದ ಅಂಗಳಕ್ಕೆ ಬಿಡದೆ ಚರಂಡಿಗೆ ಸೇರಿಸುವ ಹೊಣೆಯೂ ಅವರದೇ.

ಇಷ್ಟನ್ನೂ ಬರೆದುಕೊಳ್ಳಿ ಎಂದರೆ "ಅಷ್ಟು ನಂಬಿಕೆ ಇಲ್ವಾ?" ಎಂಬ ಮುನಿಸು ಬರುತ್ತದೆ. ಬರೆಯುವುದು ನಿಮ್ಮಿಬ್ಬರಿಗಾಗಿ ಅಲ್ಲ, ಆ ಮನೆಗೆ ಮುಂದೆ ಬರುವವರಿಗಾಗಿ ಎಂದು ಹೇಳಿ. ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಸಾಕು: ಗೋಡೆ ಗೆರೆಯ ಎಷ್ಟು ಆಚೆ ಎಷ್ಟು ಈಚೆ, ಯಾರೆಷ್ಟು ಕೊಟ್ಟರು, ಗೋಡೆ ಇಬ್ಬರದೋ ಒಬ್ಬರದೋ, ರಿಪೇರಿ ಯಾರದು. ಮೂರನೆಯದನ್ನು ಬಿಡಬೇಡಿ. 1880ರ ಇಂಗ್ಲಿಷ್ ತೀರ್ಪೊಂದು ನಡುಗೋಡೆ ಎಂಬ ಮಾತಿಗೇ ನಾಲ್ಕು ಅರ್ಥ ಹೇಳಿತ್ತು: ಪೂರ್ತಿ ಜಂಟಿ ಒಡೆತನ, ಉದ್ದಕ್ಕೆ ಸೀಳಿದಂತೆ ಅರ್ಧರ್ಧ, ಒಬ್ಬರದೇ ಆಗಿ ಇನ್ನೊಬ್ಬರಿಗೆ ಬಳಸುವ ಹಕ್ಕು, ಅರ್ಧರ್ಧವಾದರೂ ಪರಸ್ಪರ ಆಸರೆಯ ಹಕ್ಕು. ನಿಮ್ಮದು ಇವುಗಳಲ್ಲಿ ಯಾವುದು ಎಂದು ಬರೆದಿಲ್ಲದಿದ್ದರೆ ನಾಳೆ ಗೋಡೆಗೆ ಶೀಟು ಊರಿ ಶೆಡ್ ಇಳಿಸಬಹುದೇ ಎಂಬುದಕ್ಕೂ ವ್ಯಾಜ್ಯವೇ.

ಖರ್ಚಿನ ಒಪ್ಪಂದಕ್ಕೆ ನೋಂದಣಿ ಬೇಕಿಲ್ಲ. ಆದರೆ "ಅರ್ಧ ಅಡಿ ಬಿಟ್ಟುಕೊಟ್ಟೆ" ಎನ್ನುವುದು ನೆಲ ಕೊಡುವ ಮಾತು. ಅದು ನೋಂದಾಯಿತ ಪತ್ರದಿಂದಲೇ ಆಗಬೇಕು. ನೆಲ ನನ್ನದೇ, ಗೋಡೆಗೆ ಅನುಮತಿ ಮಾತ್ರ ಎನ್ನುವವರು ಅದನ್ನೂ ಬರೆಸಲಿ. ತನ್ನದೇ ಎಂದು ಎದುರಾಗಿ ಹಿಡಿದುಕೊಂಡು 12 ವರ್ಷ ಕಳೆದರೆ 1963ರ ಕಾಲಮಿತಿ ಕಾಯ್ದೆ ಮೂಲ ಮಾಲೀಕರ ಕೈ ಕಟ್ಟಬಹುದು; ಅನುಮತಿಯಿಂದ ಇರುವವರಿಗೆ ಆ ವಾದ ಸಿಗದು. ಮನೆ ಮಾರುವಾಗ ಗೋಡೆಯ ವಿಷಯ ಕ್ರಯಪತ್ರದಲ್ಲೂ ಬರಲಿ, ಖಾಸಗಿ ಕರಾರು ಕೊಂಡವರಿಗೆ ತಾನಾಗಿ ಅಂಟುವುದಿಲ್ಲ.

ಪಕ್ಕದ ಸೈಟು ಖಾಲಿ, ಮಾಲೀಕರು ಬೇರೆ ಊರಲ್ಲಿ ಎಂದಾದರೆ ಪೂರ್ತಿ ನಿಮ್ಮೊಳಗೇ, ಪಾಯವೂ ನಿಮ್ಮೊಳಗೇ ಬರುವಂತೆ ಕಟ್ಟಿ. ಜಗಳ ಹುಟ್ಟಿಯೇ ಬಿಟ್ಟರೆ ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆ ಇದೆ, ಮೇಲ್ಮನವಿ ಇಲ್ಲ.

ಕೊನೆಗೊಂದು ಕೆಲಸ, ಪಾಯದ ಕಂದಕ ಮುಚ್ಚುವ ದಿನವೇ ಆಗಬೇಕಾದದ್ದು. ಗೆರೆಗೆ ದಾರ ಕಟ್ಟಿ, ಅಡ್ಡಲಾಗಿ ಟೇಪು ಹಿಡಿದು, ಇಬ್ಬರೂ ನಿಂತು ಫೋಟೋ ತೆಗೆಸಿ. ಪ್ರಿಂಟಿನ ಹಿಂದೆ ತಾರೀಖು, ಇಬ್ಬರ ಸಹಿ. ಒಂದೊಂದು ಪ್ರತಿ ಇಬ್ಬರ ಮನೆಪತ್ರಗಳ ಜೊತೆ ಇರಲಿ.