ಸೋಡಿಯಂಗೆ ಜಾಗ ಮಾಡಿಕೊಟ್ಟ ಜಕ್ಕೂರು

‘ಉಪ್ಪುನೀರು ಹಾಕಿದರೆ ಸ್ಕೂಟರ್ ಓಡುತ್ತದಂತೆ, ನಿಜವೇ?’ ಎಂದು ಓದುಗರೊಬ್ಬರು ವಿಡಿಯೊ ಕಳಿಸಿ ಕೇಳಿದ್ದಾರೆ. ಶುದ್ಧ ಸುಳ್ಳು. ಉಪ್ಪುನೀರು ಹಾಕಿದರೆ ಉರಿಯುವ ದೀಪವುಂಟಲ್ಲ, ಅದಕ್ಕೂ ಶಕ್ತಿ ಕೊಡುವುದು ನೀರಿನಲ್ಲಿ ಮುಳುಗಿಸಿದ ಮೆಗ್ನೀಸಿಯಂ ಅಥವಾ ಸತುವಿನ ಪಟ್ಟಿ. ಪಟ್ಟಿ ಸವೆದು ಮುಗಿದರೆ ದೀಪವೂ ಆರುತ್ತದೆ; ಉಪ್ಪು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ, ಅಷ್ಟೆ. ಇಂಥದ್ದನ್ನು ವಿಚಾರಿಸದೆ ಹಂಚಬೇಡಿ, ಮಕ್ಕಳು ನಂಬುತ್ತಾರೆ.

ಉಪ್ಪಿನಲ್ಲಿರುವ ಸೋಡಿಯಂನಿಂದ ಬ್ಯಾಟರಿ ಮಾಡಬಹುದೆಂಬುದು ಮಾತ್ರ ನಿಜ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 10.8 ಗ್ರಾಂ ಸೋಡಿಯಂ ಇದೆ. ಲಿಥಿಯಂ ಒಂದು ಮಿಲಿಗ್ರಾಮಿನ ಐದನೇ ಒಂದು ಪಾಲೂ ಇಲ್ಲ. ಆದರೂ ಬ್ಯಾಟರಿಗಳಲ್ಲಿ ಲಿಥಿಯಂ ಗೆದ್ದದ್ದೇಕೆ? ಸೋಡಿಯಂ ಅಯಾನು ಅದಕ್ಕಿಂತ ದಪ್ಪ, ತೂಕವೂ ಮೂರು ಪಟ್ಟಿಗಿಂತ ಹೆಚ್ಚು. ಮೊಬೈಲ್ ಬ್ಯಾಟರಿಯ ಋಣ ಧ್ರುವದಲ್ಲಿ, ಅಂದರೆ ಆ್ಯನೋಡಿನಲ್ಲಿರುವ ಗ್ರಾಫೈಟ್ ಅದನ್ನು ಹತ್ತಿರ ಸೇರಿಸುವುದಿಲ್ಲ. ಬೇರೆ ಬಗೆಯ ಇಂಗಾಲದಲ್ಲಿ ಕೂರುತ್ತದೆ, ನಿಜ. ಆದರೆ ಅವಸರದಿಂದ ಚಾರ್ಜ್ ಮಾಡಿದರೆ ಒಳಗೆ ಜಾಗ ಸಿಗದ ಸೋಡಿಯಂ ಹೊರಮೈಯಲ್ಲೇ ಲೋಹವಾಗಿ ಕಟ್ಟಿಕೊಂಡು, ಸೂಜಿಯಂತೆ ಬೆಳೆದು, ಎರಡು ಧ್ರುವಗಳ ನಡುವಿನ ತೆಳು ಪೊರೆಯನ್ನು ಚುಚ್ಚುತ್ತದೆ. ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳುವುದು ಹೀಗೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪಿಎಚ್‌ಡಿ ವಿದ್ಯಾರ್ಥಿ ಬಿಪ್ಲಬ್ ಪಾತ್ರ, ಪ್ರಾಧ್ಯಾಪಕ ಪ್ರೇಮಕುಮಾರ್ ಸೆಂಗುಟ್ಟುವನ್ ಅವರ ಜೊತೆ ಕೈಹಾಕಿದ್ದು ಈ ಆ್ಯನೋಡಿಗೇ. ಅವರು ಆರಿಸಿಕೊಂಡದ್ದು ನಾಸಿಕಾನ್ ಎಂಬ ಫಾಸ್ಫೇಟ್ ರಚನೆ. 1976ರಲ್ಲೇ ಹಾಂಗ್ ಮತ್ತು ಗುಡಿನಫ್ ತೋರಿಸಿಕೊಟ್ಟಿದ್ದ ಈ ಹರಳಿನೊಳಗೆ ಎಲ್ಲ ದಿಕ್ಕಿಗೂ ಸುರಂಗಗಳಿವೆ. ದಪ್ಪ ಸೋಡಿಯಂ ಅಲ್ಲಿ ಸಲೀಸಾಗಿ ಓಡಾಡುತ್ತದೆ. ತೊಡಕಿರುವುದು ಎಲೆಕ್ಟ್ರಾನಿಗೆ, ಫಾಸ್ಫೇಟಿನಲ್ಲಿ ಅದು ತೆವಳುತ್ತದೆ. ಅದಕ್ಕೇ ಕಣಗಳನ್ನು ನ್ಯಾನೊ ಗಾತ್ರಕ್ಕೆ ಇಳಿಸಿ, ಪ್ರತಿ ಕಣಕ್ಕೂ ಇಂಗಾಲದ ಹೊದಿಕೆ ಹಾಕಿದರು. ಹೊದಿಕೆಯಲ್ಲಿ ಎಲೆಕ್ಟ್ರಾನ್ ಓಡುತ್ತದೆ, ಒಳಗಿನ ಸುರಂಗದಲ್ಲಿ ಸೋಡಿಯಂ. ಕಣ ಚಿಕ್ಕದಾದ್ದರಿಂದ ಇಬ್ಬರಿಗೂ ದಾರಿ ಗಿಡ್ಡ. ಎಷ್ಟು ಸೊಗಸಾದ ಯೋಚನೆ! ಜೊತೆಗೆ ಒಂದಿಷ್ಟು ಅಲ್ಯೂಮಿನಿಯಂ ಸೇರಿಸಿ ಹರಳನ್ನು ಇನ್ನಷ್ಟು ಸುಧಾರಿಸಿದರು. 2025ರಲ್ಲಿ ಪ್ರಕಟಿಸಿದ ಫಲಿತಾಂಶ: ಆರೇ ನಿಮಿಷಕ್ಕೆ ಶೇ 80 ಚಾರ್ಜ್, ಮೂರು ಸಾವಿರಕ್ಕೂ ಹೆಚ್ಚು ಬಾರಿ.

ನನಗೆ ವೇಗಕ್ಕಿಂತ ಹಿಡಿಸಿದ್ದು ಸುರಕ್ಷತೆ. ಈ ಆ್ಯನೋಡ್ ಕೆಲಸ ಮಾಡುವುದು ಸೋಡಿಯಂ ಲೋಹವಾಗಿ ಕಟ್ಟುವ ವೋಲ್ಟೇಜಿಗಿಂತ ಬಹಳ ಮೇಲೆ. ಸೂಜಿ ಹುಟ್ಟಲು ಅವಕಾಶವೇ ಕಡಿಮೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ತೂಕಕ್ಕೆ ತಕ್ಕಷ್ಟು ಶಕ್ತಿ ಸಿಗುವುದಿಲ್ಲ. ಹರಳಿನಲ್ಲಿರುವ ನಿಯೋಬಿಯಂ, ವನಾಡಿಯಂ ಉಪ್ಪಿನಷ್ಟು ಅಗ್ಗವೂ ಅಲ್ಲ. ಹಾಗಾಗಿ ಸ್ಕೂಟರಿಗಿಂತ ಮೊದಲು ಪಾವಗಡದಂಥ ಸೋಲಾರ್ ಪಾರ್ಕಿನಲ್ಲಿ ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು ಇಂಥ ಬ್ಯಾಟರಿ ಬರಲಿ ಎನ್ನುವುದು ನನ್ನ ಆಸೆ. ನೆಲದ ಮೇಲೆ ನಿಂತೇ ಇರುವ ಬ್ಯಾಟರಿ ನಾಲ್ಕು ಕೆ.ಜಿ. ಹೆಚ್ಚು ತೂಗಿದರೆ ಯಾರಿಗೂ ನಷ್ಟವಿಲ್ಲ.