ಅಘನಾಶಿನಿಯ ಅಳಿವೆ: ಜಮಾಖರ್ಚಿಗೆ ಬಾರದ ಬಂಡವಾಳ

ಬಳ್ಳಾರಿಯ ವರ್ತಕರಿಗೆ ಅಂಕೋಲಾ–ಗುತ್ತಿ ಹೆದ್ದಾರಿ ಹೊಸದಲ್ಲ. ಅದಿರಿನ ರಫ್ತು ಭರಾಟೆಯಲ್ಲಿದ್ದ 2000ರ ದಶಕದಲ್ಲಿ ಲಾರಿಗಳು ಹಗಲಿರುಳೆನ್ನದೆ ಇದೇ ದಾರಿಯಲ್ಲಿ ಬೇಲೆಕೇರಿ, ಕಾರವಾರ ಬಂದರುಗಳತ್ತ ಸಾಗುತ್ತಿದ್ದವು. ಅದೇ ದಾರಿಯಲ್ಲಿ ಘಟ್ಟವಿಳಿದು, ಅಂಕೋಲೆಯಿಂದ ದಕ್ಷಿಣಕ್ಕೆ ತಿರುಗಿ ಗೋಕರ್ಣದ ಸಮೀಪಕ್ಕೆ ಬಂದರೆ ಸಾಣಿಕಟ್ಟದ ಉಪ್ಪಿನಾಗರಗಳು ಎದುರಾಗುತ್ತವೆ. ಅದರಾಚೆಗೆ ಹರಡಿರುವುದೇ ಅಘನಾಶಿನಿ ನದಿಯ ಅಳಿವೆ.

ಅಣೆಕಟ್ಟಿನ ತಡೆಯಿಲ್ಲದೆ ಸಮುದ್ರ ಸೇರುವ ನದಿಗಳಲ್ಲಿ ಅಘನಾಶಿನಿಯೂ ಒಂದು. ಸಿಹಿನೀರು ಮತ್ತು ಉಪ್ಪುನೀರು ದಿನವೂ ಬೆರೆಯುವ ಇಲ್ಲಿ, ಇಳಿತದ ವೇಳೆ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಕೆಸರಿನೊಳಗಿನ ಹುಳು, ಏಡಿ, ಚಿಪ್ಪುಜೀವಿಗಳೇ ಚಳಿಗಾಲದ ವಲಸೆ ಹಕ್ಕಿಗಳ ಆಹಾರ. ನದಿ ರೀವ, ಹಾವಕ್ಕಿ, ಬಿಳಿಕತ್ತಿನ ಕೊಕ್ಕರೆ ಮೊದಲಾದ 66ಕ್ಕೂ ಹೆಚ್ಚು ಪ್ರಭೇದಗಳ 43,000ಕ್ಕೂ ಅಧಿಕ ನೀರುಹಕ್ಕಿಗಳು ಇಲ್ಲಿ ದಾಖಲಾಗಿವೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂದು ಘೋಷಿತವಾಯಿತು.

ಆದರೆ ಇದು ಬೇಲಿ ಹಾಕಿ ಜನರನ್ನು ಹೊರಗಿಟ್ಟ ಕಾಡಲ್ಲ. ಉಪ್ಪಿನಾಗರಗಳಲ್ಲಿ ಉಬ್ಬರದ ನೀರನ್ನು ಒಳಬಿಟ್ಟು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿನಿಂದಲೇ ಹರಳುಗಟ್ಟಿಸುತ್ತಾರೆ. ಇಲ್ಲಿ ಇಂಧನದ ಖರ್ಚಿಲ್ಲ. ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಿನ ನಂತರ ಅದೇ ಗದ್ದೆಗಳಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ಅಚ್ಚುಕಟ್ಟು ಪ್ರದೇಶದ ಚೌಳು ಭೂಮಿಯ ಸಂಕಟವನ್ನು ಕಂಡಿರುವ ಸಿರುಗುಪ್ಪದ ಅಕ್ಕಿ ಗಿರಣಿಯವರಿಗೆ ಉಪ್ಪುನೆಲದ ಈ ಭತ್ತದ ಬೆಲೆ ಬೇಗ ತಿಳಿದೀತು. ಉಪ್ಪು, ಭತ್ತ, ಮೀನು, ಏಡಿ, ಬಳಚು ಇವೆಲ್ಲ ಸೇರಿ 6,000ದಿಂದ 7,500 ಕುಟುಂಬಗಳಿಗೆ ಅಳಿವೆಯು ಜೀವನಾಧಾರವಾಗಿದೆಯೆಂದು ಅಂದಾಜು. ಇವರಲ್ಲಿ ಬಹುತೇಕರ ಆದಾಯ ಯಾವ ಕಂಪನಿಯ ಲಾಭ–ನಷ್ಟದ ಪಟ್ಟಿಯಲ್ಲಿಯೂ ಕಾಣಿಸದು.

ಪ್ರಶ್ನೆ ಇರುವುದು ಇಲ್ಲಿಯೇ. ಅಳಿವೆಯ ಮುಖದಲ್ಲಿರುವ ತದಡಿಯಲ್ಲಿ 2000ರ ದಶಕದಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವವಿತ್ತು. ಸ್ಥಳೀಯರ ವಿರೋಧದ ನಂತರ ಅದನ್ನು ಕೈಬಿಡಲಾಯಿತು. ಆಮೇಲೆ ದೊಡ್ಡ ಬಂದರಿನ ಪ್ರಸ್ತಾವ ಬಂದಿತು. ಸಮುದ್ರವಿಲ್ಲದ ಬಳ್ಳಾರಿ–ಹೊಸಪೇಟೆ ಭಾಗದ ಉದ್ದಿಮೆಗಳಿಗೆ ಹತ್ತಿರದ ಬಂದರು ಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಸಾಗಣೆ ವೆಚ್ಚದ ಉಳಿತಾಯವೂ ಕಡಿಮೆಯದಲ್ಲ. ಆದರೆ ಹಡಗುಗಳಿಗಾಗಿ ಹೂಳೆತ್ತಿ ಕಾಲುವೆ ಆಳಗೊಳಿಸಿದರೆ ಕೆಸರುಬಯಲು ಕದಡುತ್ತದೆ, ಸಿಹಿ–ಉಪ್ಪಿನ ಹದ ತಪ್ಪುತ್ತದೆ. ಹಕ್ಕಿಗಳ ಮೇವು, ಬಳಚಿನ ನೆಲೆ, ಗಜನಿ ಗದ್ದೆ, ಇವೆಲ್ಲ ಆ ಹದವನ್ನೇ ನಂಬಿವೆ. ಯೋಜನಾ ವರದಿಯ ಜಮೆಯ ಬದಿಯಲ್ಲಿ ಸಾಗಣೆಯ ಉಳಿತಾಯ ಬರೆದಾಗ, ಖರ್ಚಿನ ಬದಿಯಲ್ಲಿ ಈ ಕುಟುಂಬಗಳ ಆದಾಯವನ್ನೂ ಬರೆಯುವುದು ಪ್ರಾಮಾಣಿಕ ಲೆಕ್ಕ.

ಈ ಪಾಠವನ್ನು ಬಳ್ಳಾರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ತಪ್ಪು ಮಾಡಿದವರೊಂದಿಗೆ ಲಾರಿ ಮಾಲೀಕರು, ವರ್ಕ್‌ಶಾಪಿನವರು, ಬಿಡಿಭಾಗದ ವ್ಯಾಪಾರಿಗಳೂ ನಷ್ಟ ಅನುಭವಿಸಿದರು. ಅಸಲನ್ನೇ ಲಾಭವೆಂದು ಬಗೆದು ಖರ್ಚು ಮಾಡಿದ ವ್ಯಾಪಾರ ಎಷ್ಟು ದೊಡ್ಡದಾದರೂ ಬಾಳದು.

ಕರಾವಳಿಯವರೆಗೆ ಹೋಗಲಾಗದವರಿಗೆ ಹತ್ತಿರದಲ್ಲೇ ಒಂದು ನಿದರ್ಶನವಿದೆ. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ ಅಘನಾಶಿನಿಯೊಂದಿಗೇ ರಾಮ್ಸರ್ ಪಟ್ಟಿಗೆ ಸೇರಿತು. ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ, 244 ಎಕರೆಯ ಈ ಕೆರೆಯಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ತಂಗುತ್ತವೆ, ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಗೂ ಬಿಳಿ ಕೆಂಬರಲಿಗೂ ಇದು ಮುಖ್ಯ ನೆಲೆ. ರೈತರ ಹೊಲಕ್ಕೆಂದು ಕಟ್ಟಿದ್ದು ಹಕ್ಕಿಗಳಿಗೂ ಒದಗಿತು.

ಅಘನಾಶಿನಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ, ನೀರು ಇಳಿದಿರುವ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಬಂದರು ಬೇಕೆಂಬ ಮನವಿಗೆ ಸಹಿ ಹಾಕುವ ವರ್ತಕರು ಅದಕ್ಕೆ ಮುನ್ನ ಒಮ್ಮೆ ಅಲ್ಲಿಗೆ ಹೋಗಿಬರಲಿ. ಸರಕು ನೋಡದೆ ಬೆಲೆ ಕಟ್ಟುವುದು ವ್ಯಾಪಾರಸ್ಥರ ಪದ್ಧತಿಯಲ್ಲ.